ಎಡಿಸಿ ಡ್ರೈವರ್ ರಿವ್ಯೂ ಮಾಡುವಾಗ ಸಂಖ್ಯೆಯ ಬೆನ್ನು ಹತ್ತಿ

ನೆಟ್‌ವರ್ಕ್ ಕಾರ್ಡಿನ ಡ್ರೈವರ್, ಅಂದರೆ ಅದನ್ನು ನಡೆಸುವ ಕೋಡ್, ಕೆಟ್ಟರೆ ನೆಟ್ ಬರುವುದಿಲ್ಲ. ಪರದೆಯ ಡ್ರೈವರ್ ಕೆಟ್ಟರೆ ಪರದೆ ಕಪ್ಪಾಗುತ್ತದೆ, ಎರಡೇ ನಿಮಿಷದಲ್ಲಿ ಯಾರಾದರೂ ದೂರು ಕೊಡುತ್ತಾರೆ. ವೋಲ್ಟೇಜನ್ನು ಸಂಖ್ಯೆಯಾಗಿಸುವ ಎಡಿಸಿ ಚಿಪ್‌ನ ಡ್ರೈವರ್ ಹಾಗಲ್ಲ. ಅದರಲ್ಲಿ ತಪ್ಪಿದ್ದರೂ ಓದಿದಾಗೆಲ್ಲ ಒಂದು ಸಂಖ್ಯೆ ಬರುತ್ತಲೇ ಇರುತ್ತದೆ. 1250 ಮಿಲಿವೋಲ್ಟ್ ಬರಬೇಕಾದ ಕಡೆ 1241 ಬಂದರೆ ನೋಡಿದವರಿಗೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬೀಳುವುದಿಲ್ಲ, ಲಾಗ್‌ನಲ್ಲಿ ಒಂದು ಸಾಲೂ ಬರುವುದಿಲ್ಲ. ಅಷ್ಟರಲ್ಲಿ ಆ ಸಂಖ್ಯೆಯನ್ನು ನಂಬಿ ಮೇಲಿನ ಪ್ರೋಗ್ರಾಂ ಬ್ಯಾಟರಿ ಚಾರ್ಜ್ ಮಾಡುತ್ತಿರುತ್ತದೆ, ಹೀಟರ್ ಆರಿಸುತ್ತಿರುತ್ತದೆ, ಮೋಟಾರಿಗೆ ಎಷ್ಟು ಕರೆಂಟ್ ಹೋಗಬೇಕು ಅಂತ ತೀರ್ಮಾನ ಮಾಡುತ್ತಿರುತ್ತದೆ.

ಹಾಗಾಗಿ ಲಿನಕ್ಸ್ ಕರ್ನಲ್‌ಗೆ ಸೇರಿಸಲು ಬೇರೆಯವರು ಕಳಿಸಿದ ಇಂಥ ಕೋಡನ್ನು ರಿವ್ಯೂ ಮಾಡುವಾಗ ಮೇಲಿಂದ ಕೆಳಗೆ ಸಾಲುಸಾಲಾಗಿ ಓದುವುದನ್ನು ನಾನು ಬಿಟ್ಟಿದ್ದೇನೆ. ಚಿಪ್‌ನ ಕಾಲಿಗೆ ಬಂದ ಒಂದು ವೋಲ್ಟೇಜನ್ನು ಹಿಡಿದುಕೊಂಡು, ಅದು ಬಳಸುವವರ ಕೈಗೆ ಸಂಖ್ಯೆಯಾಗಿ ಸೇರುವ ತನಕ ಅದರ ಬೆನ್ನು ಹತ್ತುತ್ತೇನೆ. ಪ್ರತಿ ತಿರುವಿನಲ್ಲೂ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇಲ್ಲಿ ಸಂಖ್ಯೆ ಕೆಟ್ಟರೆ ಯಾರಿಗಾದರೂ ಗೊತ್ತಾಗುತ್ತದೆಯೇ? ಗೊತ್ತಾಗುವುದಿಲ್ಲ ಅನ್ನಿಸಿದ ಕಡೆ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಚಿಪ್ ಹೇಳುವುದು ಗೆರೆಯ ನಂಬರ್

ಎಡಿಸಿ ಅಂದರೆ ಅನಲಾಗ್ ವೋಲ್ಟೇಜನ್ನು ಸಂಖ್ಯೆಯಾಗಿಸುವ ಚಿಪ್. ಅದರ ಹತ್ತಿರ ಒಂದು ಅಳತೆಗೋಲು ಇರುತ್ತದೆ, ಅದಕ್ಕೆ ರೆಫರೆನ್ಸ್ ವೋಲ್ಟೇಜ್ ಅನ್ನುತ್ತಾರೆ. 12 ಬಿಟ್‌ನ ಚಿಪ್ ಆ ಅಳತೆಗೋಲನ್ನು 4096 ಸಮ ಭಾಗ ಮಾಡುತ್ತದೆ. ರೆಫರೆನ್ಸ್ 2.5 ವೋಲ್ಟ್ ಇದ್ದರೆ ಒಂದೊಂದು ಭಾಗ ಸುಮಾರು 0.61 ಮಿಲಿವೋಲ್ಟ್. ಒಳಗೆ ಬಂದ ವೋಲ್ಟೇಜ್ ಎಷ್ಟನೇ ಗೆರೆಯ ಹತ್ತಿರ ಇದೆ ಅನ್ನುವುದನ್ನಷ್ಟೇ ಚಿಪ್ ಹೇಳುತ್ತದೆ. 2048 ಅಂತ ಅದು ಹೇಳಿದರೆ ಅದು ವೋಲ್ಟ್ ಅಲ್ಲ, ಗೆರೆಯ ನಂಬರ್. ಅದನ್ನು ವೋಲ್ಟ್ ಮಾಡಲು ಬೇಕಾದ ಲೆಕ್ಕವನ್ನು ಡ್ರೈವರ್ ಹೇಳಿಕೊಡಬೇಕು.

ಲಿನಕ್ಸ್‌ನಲ್ಲಿ ಇಂಥ ಚಿಪ್‌ಗಳ ಡ್ರೈವರ್‌ಗಳು ಬಹುಪಾಲು ಇಂಡಸ್ಟ್ರಿಯಲ್ ಐಒ ಅನ್ನುವ ವಿಭಾಗದಲ್ಲಿ ಇರುತ್ತವೆ. ಚಿಕ್ಕದಾಗಿ ಐಐಒ. 2009ರಲ್ಲಿ ಇದು ಕರ್ನಲ್‌ನ ಸ್ಟೇಜಿಂಗ್ ಭಾಗಕ್ಕೆ (ಇನ್ನೂ ಪೂರ್ತಿ ಸಿದ್ಧವಾಗದ ಕೋಡ್ ಇಡುವ ಜಾಗ) ಬಂತು, ಕೆಲವು ವರ್ಷಗಳ ನಂತರ ಮುಖ್ಯ ಭಾಗಕ್ಕೆ ಹೋಯಿತು. ಇಲ್ಲಿ ಪ್ರತಿ ಚಾನೆಲ್‌ಗೂ, ಅಂದರೆ ಚಿಪ್‌ನೊಳಗೆ ವೋಲ್ಟೇಜ್ ಬರುವ ಪ್ರತಿ ದಾರಿಗೂ, ಕರ್ನಲ್ ತನ್ನ ಮಾಹಿತಿಯನ್ನು ಫೈಲ್‌ಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಪುಟ್ಟ ಪುಟ್ಟ ಫೈಲ್‌ಗಳು ಸಿಗುತ್ತವೆ. ರಾ ಅನ್ನುವುದರಲ್ಲಿ ಗೆರೆಯ ನಂಬರ್, ಸ್ಕೇಲ್ ಅನ್ನುವುದರಲ್ಲಿ ಒಂದು ಗೆರೆಯ ಬೆಲೆ, ಬೇಕಿದ್ದರೆ ಆಫ್‌ಸೆಟ್ ಅನ್ನುವುದರಲ್ಲಿ ಸೊನ್ನೆ ಎಲ್ಲಿಂದ ಶುರು ಅನ್ನುವುದು. ರಾಗೆ ಆಫ್‌ಸೆಟ್ ಕೂಡಿಸಿ, ಬಂದದ್ದನ್ನು ಸ್ಕೇಲ್‌ನಿಂದ ಗುಣಿಸಿದರೆ ಮಿಲಿವೋಲ್ಟ್ ಸಿಗಬೇಕು. ಒಪ್ಪಂದ ಇಷ್ಟೇ.

ಆದರೆ ಈ ಪುಟ್ಟ ಒಪ್ಪಂದವೇ ಪದೇ ಪದೇ ತಪ್ಪುತ್ತದೆ. ಕೂಡುವುದು ಮೊದಲು, ಗುಣಿಸುವುದು ಆಮೇಲೆ. ಅಂದರೆ ಆಫ್‌ಸೆಟ್ ಇರಬೇಕಾದದ್ದು ಗೆರೆಗಳ ಲೆಕ್ಕದಲ್ಲಿ, ಮಿಲಿವೋಲ್ಟ್ ಲೆಕ್ಕದಲ್ಲಿ ಅಲ್ಲ. ರಾ 2000, ಆಫ್‌ಸೆಟ್ ಮೈನಸ್ 2048, ಸ್ಕೇಲ್ 0.61 ಅಂತ ಇಟ್ಟುಕೊಳ್ಳಿ. ಸರಿಯಾದ ಉತ್ತರ ಸುಮಾರು ಮೈನಸ್ 29 ಮಿಲಿವೋಲ್ಟ್. ಮೊದಲು ಗುಣಿಸಿ ಆಮೇಲೆ ಕಳೆದರೆ ಮೈನಸ್ 828 ಬರುತ್ತದೆ. ಪ್ಯಾಚ್ (ಸೇರಿಸಲು ಕಳಿಸಿದ ಕೋಡಿನ ಬದಲಾವಣೆ) ಬರೆದವರು ಡೇಟಾಶೀಟ್‌ನ, ಅಂದರೆ ಚಿಪ್ ತಯಾರಕರ ಕೈಪಿಡಿಯ, ಸೂತ್ರವನ್ನು ಹಾಗೇ ತೆಗೆದುಕೊಂಡಿರುತ್ತಾರೆ, ಆ ಸೂತ್ರದಲ್ಲಿ ಆಫ್‌ಸೆಟ್ ಕೊನೆಗೆ ಬಂದಿರುತ್ತದೆ. ಅವರ ಸೂತ್ರ ತಪ್ಪಲ್ಲ, ಐಐಒ ಕೇಳುವ ರೂಪಕ್ಕೆ ಅದನ್ನು ತಿರುಗಿಸಿ ಬರೆದಿಲ್ಲ ಅಷ್ಟೇ. ಹಾಗಾಗಿ ರಿವ್ಯೂ ಶುರು ಮಾಡುವ ಮುಂಚೆ ಒಂದು ಕಾಗದದಲ್ಲಿ ಈ ಲೆಕ್ಕವನ್ನು ನಾವೇ ಒಮ್ಮೆ ಮಾಡಿಕೊಳ್ಳಬೇಕು. ಡ್ರೈವರ್ ನೋಡದೆ, ಬರೀ ಡೇಟಾಶೀಟ್ ನೋಡಿಕೊಂಡು. ಡ್ರೈವರ್ ನೋಡಿದ ಮೇಲೆ ಮಾಡಿದರೆ ಕಣ್ಣು ಅದರ ದಾರಿಯಲ್ಲೇ ಹೋಗುತ್ತದೆ.

ಇನ್ನೊಂದು ವಿಷಯ. ಕರ್ನಲ್‌ನೊಳಗೆ ದಶಾಂಶದ ಲೆಕ್ಕಕ್ಕೆ ಸಾಮಾನ್ಯವಾಗಿ ಫ್ಲೋಟಿಂಗ್ ಪಾಯಿಂಟ್ ಬಳಸುವುದಿಲ್ಲ. ಅದಕ್ಕೆ ಡ್ರೈವರ್ ಎರಡು ಪೂರ್ಣಾಂಕಗಳನ್ನು ಕೊಟ್ಟು, ಅವನ್ನು ಹೇಗೆ ಜೋಡಿಸಬೇಕು ಅಂತ ಒಂದು ಗುರುತು ಹೇಳುತ್ತದೆ. ಪೂರ್ಣಾಂಕ ಮತ್ತು ಮೈಕ್ರೋ ಭಾಗ ಅನ್ನುವುದು ಒಂದು ಬಗೆ. ಭಿನ್ನರಾಶಿ ಇನ್ನೊಂದು. ಎಡಿಸಿಗೆ ಚೆನ್ನಾಗಿ ಹೊಂದುವುದು ಮೂರನೆಯದು: ಮೊದಲ ಸಂಖ್ಯೆಯನ್ನು 2ರ ಇಷ್ಟನೇ ಘಾತದಿಂದ ಭಾಗಿಸು ಅನ್ನುವುದು. 2500 ಮತ್ತು 12 ಅಂತ ಕೊಟ್ಟರೆ 2500 ಭಾಗಿಸು 4096, ಅಂದರೆ 0.6103515625. ಫೈಲ್‌ನಲ್ಲಿ ದಶಾಂಶದ ಒಂಬತ್ತು ಅಂಕಿಗಳ ತನಕ ಕಾಣುತ್ತದೆ. ಯಾರಾದರೂ ಅದೇ ಭಾಗಾಕಾರವನ್ನು ಕೈಯಿಂದ ಮಾಡಿ 610000 ಮೈಕ್ರೋ ಅಂತ ಬರೆದಿದ್ದರೆ, ಸುಮ್ನೆ ನಿಖರತೆ ಕಳೆದುಕೊಂಡಂತಾಯಿತು. ಮೂರನೇ ಬಗೆಗೆ ಬದಲಿಸಿ ಅಂತ ಕೇಳಿ.

ಇಲ್ಲಿ ಬಿಟ್‌ಗಳ ಎಣಿಕೆಯನ್ನೂ ನೋಡಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1115 ಅನ್ನುವ ಚಿಪ್ 16 ಬಿಟ್‌ನದು, ಆದರೆ ಅದರ ಉತ್ತರ ಪ್ಲಸ್ಸೂ ಇರಬಹುದು ಮೈನಸ್ಸೂ ಇರಬಹುದು. ಪ್ಲಸ್ ಮೈನಸ್ 2.048 ವೋಲ್ಟ್‌ನ ಆಯ್ಕೆಯಲ್ಲಿ 2048ನ್ನು ಭಾಗಿಸಬೇಕಾದದ್ದು 2ರ 15ನೇ ಘಾತದಿಂದ. ಹಾಗೆ ಮಾಡಿದರೆ ಒಂದು ಗೆರೆ 0.0625 ಮಿಲಿವೋಲ್ಟ್. 16 ಅಂತ ಬರೆದರೆ ಎಲ್ಲ ಅಳತೆಯೂ ಅರ್ಧ. ಅರ್ಧವಾದರೆ ಬರೆದವರಿಗೇ ಗೊತ್ತಾಗುವುದಿಲ್ಲವೇ ಅಂದರೆ, ಗೊತ್ತಾಗುತ್ತದೆ, ಅವರು ಪರೀಕ್ಷಿಸಿದ ಆಯ್ಕೆಯಲ್ಲಿ ಮಾತ್ರ. ಈ ಚಿಪ್‌ಗೆ 6.144 ವೋಲ್ಟ್‌ನಿಂದ 0.256 ವೋಲ್ಟ್ ತನಕ ಆರು ವ್ಯಾಪ್ತಿಗಳಿವೆ. ಆರನ್ನೂ ಕೂತು ಅಳೆದು ನೋಡುವವರು ಕಡಿಮೆ. ಟೇಬಲ್‌ನ ಪ್ರತಿ ಸಾಲನ್ನೂ ಡೇಟಾಶೀಟ್‌ಗೆ ಹೋಲಿಸುವುದು ಬೇಸರದ ಕೆಲಸ, ಆದರೂ ಮಾಡಲೇಬೇಕು.

ಬರೆದವರ ಮೇಜಿನ ಮೇಲೆ ಸರಿ, ಬೇರೆಯವರ ಬೋರ್ಡಿನಲ್ಲಿ ತಪ್ಪು

ಎಡಿಸಿ ಡ್ರೈವರ್‌ಗಳಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ತಪ್ಪುಗಳು ಈ ಜಾತಿಯವು. ಒಂದು ಉದಾಹರಣೆ ನೋಡಿ. ಕರ್ನಲ್‌ನಲ್ಲಿ ರೆಗ್ಯುಲೇಟರ್‌ನಿಂದ (ಬೋರ್ಡಿನಲ್ಲಿ ಚಿಪ್‌ಗಳಿಗೆ ವೋಲ್ಟೇಜ್ ಕೊಡುವ ಭಾಗ) ವೋಲ್ಟೇಜ್ ಎಷ್ಟು ಅಂತ ಕೇಳಿದರೆ ಅದು ಮೈಕ್ರೋವೋಲ್ಟ್‌ನಲ್ಲಿ ಉತ್ತರ ಕೊಡುತ್ತದೆ. ಒಬ್ಬರು ನಿಖರತೆ ಉಳಿಯಲಿ ಅಂತ ಅದನ್ನು 1000ದಿಂದ ಗುಣಿಸಿ ನ್ಯಾನೋವೋಲ್ಟ್ ಮಾಡಿಕೊಳ್ಳುತ್ತಾರೆ, ಸಾಮಾನ್ಯ 32 ಬಿಟ್‌ನ ಇಂಟ್ ಅನ್ನುವ ಪೂರ್ಣಾಂಕದ ಜಾಗದಲ್ಲಿ. ಅವರ ಬೋರ್ಡಿನ ರೆಫರೆನ್ಸ್ 2.048 ವೋಲ್ಟ್. ಗುಣಿಸಿದರೆ 204 ಕೋಟಿ 80 ಲಕ್ಷ. ಇಂಟ್‌ನಲ್ಲಿ ಹಿಡಿಯುವುದು ಸುಮಾರು 214 ಕೋಟಿ 74 ಲಕ್ಷದ ತನಕ. ಹಿಡಿಯಿತು, ಎಲ್ಲ ಸರಿಯಾಗಿ ಬಂತು. ಇನ್ನೊಬ್ಬರ ಬೋರ್ಡಿನಲ್ಲಿ ಅದೇ ಚಿಪ್‌ಗೆ 2.5 ವೋಲ್ಟ್ ಕೊಟ್ಟಿದ್ದಾರೆ. ಗುಣಿಸಿದರೆ 250 ಕೋಟಿ, ಜಾಗ ಸಾಲದೆ ಸುತ್ತಿಕೊಂಡು ಮೈನಸ್ ಆಗುತ್ತದೆ. ಕೋಡ್ ಅದೇ, ಚಿಪ್ ಅದೇ. ಪರೀಕ್ಷೆ ಮಾಡಿ ಹಾಕಿದ್ದೇನೆ ಅಂತ ಬರೆದವರು ಹೇಳಿದ್ದು ಪೂರ್ತಿ ನಿಜ. ಅದಕ್ಕೇ ಗುಣಾಕಾರ ಕಂಡ ಕಡೆಯಲ್ಲೆಲ್ಲ, ಡೇಟಾಶೀಟ್ ಒಪ್ಪುವ ಅತಿ ದೊಡ್ಡ ರೆಫರೆನ್ಸ್ ಎಷ್ಟು ಅಂತ ನೋಡಿ, ಆ ಸಂಖ್ಯೆಯನ್ನು ಕೋಡಿನಲ್ಲಿ ಇಟ್ಟು ಲೆಕ್ಕ ಮಾಡುತ್ತೇನೆ.

ಇನ್ನೊಂದು ಇದಕ್ಕಿಂತ ನುಣುಪಾದದ್ದು. ಕೆಲವು ಚಿಪ್‌ಗಳಿಗೆ ಒಳಗೇ ಒಂದು ರೆಫರೆನ್ಸ್ ಇರುತ್ತದೆ, ಬೇಕಿದ್ದರೆ ಹೊರಗಿನಿಂದಲೂ ಕೊಡಬಹುದು. ಡ್ರೈವರ್ ಶುರುವಾಗುವಾಗ ಹೊರಗಿನದ್ದು ಇದೆಯೇ ಅಂತ ಕೇಳುತ್ತದೆ. ಇಲ್ಲ ಅನ್ನುವ ಉತ್ತರ ಬಂದರೆ ಒಳಗಿನದ್ದನ್ನು ಬಳಸಬೇಕು. ಆದರೆ ಕರ್ನಲ್ ಕೊಡುವ ಉತ್ತರಗಳಲ್ಲಿ ಇನ್ನೊಂದಿದೆ: ಇದೆ, ಆದರೆ ಅದರ ಡ್ರೈವರ್ ಇನ್ನೂ ಎದ್ದಿಲ್ಲ, ಆಮೇಲೆ ಬಾ. ಇದಕ್ಕೆ ಪ್ರೋಬ್ ಡಿಫರ್ ಅನ್ನುತ್ತಾರೆ. ಅದೂ ಎರರ್ ನಂಬರಿನ ರೂಪದಲ್ಲೇ ಬರುತ್ತದೆ. ಕೋಡ್ ಬರೆದವರು ಎರರ್ ಬಂದರೆ ಹೊರಗಿನದ್ದು ಇಲ್ಲ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದರೆ, ಆ ಬೂಟ್‌ನಲ್ಲಿ ಡ್ರೈವರ್ ಹೊರಗಿನ 4.096 ವೋಲ್ಟ್‌ನ ಬದಲು ಒಳಗಿನ 2.5 ವೋಲ್ಟ್ ಅಂತ ನಂಬಿಕೊಂಡು ಕೂರುತ್ತದೆ. ಮುಂದಿನ ಬೂಟ್‌ನಲ್ಲಿ ರೆಗ್ಯುಲೇಟರ್ ಮೊದಲು ಎದ್ದರೆ ಎಲ್ಲ ಸರಿಹೋಗುತ್ತದೆ. ಒಂದು ದಿನ ಸರಿ, ಒಂದು ದಿನ ತಪ್ಪು. ಇಂಥದ್ದನ್ನು ಆಮೇಲೆ ಹುಡುಕುವುದು ಎಷ್ಟು ಕಷ್ಟ ಅಂತ ಹುಡುಕಿದವರಿಗೇ ಗೊತ್ತು, ರಿವ್ಯೂನಲ್ಲಿ ಹಿಡಿಯುವುದು ಮಾತ್ರ ಸುಲಭ. ಇಲ್ಲ ಅನ್ನುವ ಒಂದು ಎರರ್‌ಗೆ ಮಾತ್ರ ಒಳಗಿನ ರೆಫರೆನ್ಸ್, ಉಳಿದ ಎಲ್ಲ ಎರರ್‌ಗಳೂ ಹಾಗೇ ಮೇಲಕ್ಕೆ ಹೋಗಬೇಕು ಅಂತ ಹೇಳಿದರೆ ಮುಗಿಯಿತು.

ಮೈನಸ್ ಸಂಖ್ಯೆಗಳದ್ದೂ ಇದೇ ಕಥೆ. 12 ಬಿಟ್‌ನ ಉತ್ತರವನ್ನು 32 ಬಿಟ್‌ಗೆ ಹಿಗ್ಗಿಸುವಾಗ ಮೈನಸ್ ಗುರುತನ್ನೂ ಹಿಗ್ಗಿಸಬೇಕು. ಕರ್ನಲ್‌ನಲ್ಲಿ ಇದಕ್ಕೆ ಸೈನ್ ಎಕ್ಸ್‌ಟೆಂಡ್ ಅನ್ನುವ ಫಂಕ್ಷನ್ ಇದೆ. ಅದು ಕೇಳುವುದು ಎಷ್ಟು ಬಿಟ್ ಅಂತ ಅಲ್ಲ, ಗುರುತಿನ ಬಿಟ್ ಎಷ್ಟನೆಯದು ಅಂತ, ಅದೂ ಸೊನ್ನೆಯಿಂದ ಎಣಿಸಿ. ಹಾಗಾಗಿ 12 ಬಿಟ್‌ಗೆ 11 ಅಂತ ಕೊಡಬೇಕು. 12 ಅಂತ ಕೊಟ್ಟರೆ ಮೈನಸ್ ಸಂಖ್ಯೆ ಯಾವತ್ತೂ ಹುಟ್ಟುವುದಿಲ್ಲ, ಮೈನಸ್ 1 ಬರಬೇಕಾದ ಕಡೆ 4095 ಬರುತ್ತದೆ. ಪ್ಲಸ್ ವೋಲ್ಟೇಜ್ ಮಾತ್ರ ಕೊಟ್ಟು ಪರೀಕ್ಷಿಸಿದರೆ ಇದು ಕಾಣುವುದೇ ಇಲ್ಲ. ನಾನೇ ಬರೆದ ಒಂದು ಡ್ರೈವರ್‌ನಲ್ಲಿ ಈ ತಪ್ಪು ಬಹಳ ದಿನ ಇತ್ತು, ಓದಿದವರು ಯಾರೂ ಹೇಳಲಿಲ್ಲ. ಆಮೇಲಿಂದ ಆ ಒಂದು ಅಂಕಿಯನ್ನು ನೋಡದೆ ಮುಂದೆ ಹೋಗುವುದಿಲ್ಲ.

ಹಳೆಯ ಉತ್ತರ, ಹೊಸ ಹೆಸರು

ಬಹಳ ಎಡಿಸಿಗಳಲ್ಲಿ ಅಳೆಯುವ ಭಾಗ ಒಂದೇ ಇರುತ್ತದೆ, ಒಳಬರುವ ದಾರಿಗಳು ನಾಲ್ಕೋ ಎಂಟೋ ಇರುತ್ತವೆ. ಮುಂದೆ ಒಂದು ಸ್ವಿಚ್ ಕೂತಿರುತ್ತದೆ. 0ನೇ ಚಾನೆಲ್ ಬೇಕಾದರೆ ಸ್ವಿಚ್ಚನ್ನು ಅತ್ತ ತಿರುಗಿಸಿ, ಅಳೆಯುವ ತನಕ ಕಾದು, ಆಮೇಲೆ ಓದಬೇಕು. ಕಾಯದೆ ಓದಿದರೂ ಚಿಪ್ ಬೇಡ ಅನ್ನುವುದಿಲ್ಲ. ಹಿಂದೆ ಅಳೆದಿಟ್ಟ ಉತ್ತರವನ್ನು ಕೊಡುತ್ತದೆ, ಅದು ಬೇರೆ ಚಾನೆಲ್‌ನದ್ದು. ಎರಡು ಚಾನೆಲ್‌ನಲ್ಲೂ ಹತ್ತಿರ ಹತ್ತಿರದ ವೋಲ್ಟೇಜ್ ಇದ್ದರೆ ಮುಗಿದೇ ಹೋಯಿತು, ತಪ್ಪು ಅಂತ ಯಾರೂ ಹೇಳಲಾರರು.

ಮತ್ತೆ ಎಡಿಎಸ್1115 ನೋಡೋಣ. ಎಬ್ಬಿಸಿದ ಕೂಡಲೇ ಅದು ಸೆಕೆಂಡಿಗೆ 128 ಅಳತೆಯ ವೇಗದಲ್ಲಿರುತ್ತದೆ, ಅಂದರೆ ಒಂದಕ್ಕೆ ಸುಮಾರು 7.8 ಮಿಲಿಸೆಕೆಂಡ್. ಹಾಗಾದರೆ 8 ಮಿಲಿಸೆಕೆಂಡ್ ಕಾದರೆ ಸಾಕು ಅನ್ನಿಸುತ್ತದೆ. ಸಾಲದು. ಚಿಪ್ ಬಿಡದೆ ಅಳೆಯುತ್ತಿರುವ ಮೋಡ್‌ನಲ್ಲಿದ್ದರೆ, ನಾವು ಸ್ವಿಚ್ ತಿರುಗಿಸುವ ಹೊತ್ತಿಗೆ ಹಳೆಯ ಚಾನೆಲ್‌ನ ಅಳತೆ ನಡುವೆ ಇರಬಹುದು. ಅದು ಮುಗಿಯಬೇಕು, ಆಮೇಲೆ ಹೊಸದು ಪೂರ್ತಿಯಾಗಬೇಕು. ಜೊತೆಗೆ ಚಿಪ್‌ನೊಳಗಿನ ಗಡಿಯಾರ ಶೇಕಡಾ 10ರಷ್ಟು ಹಿಂದೆ ಮುಂದೆ ಇರಬಹುದು. ಲಿನಕ್ಸ್‌ನಲ್ಲಿರುವ ಅದರ ಡ್ರೈವರ್ ಈಗ ಇದನ್ನೇ ಮಾಡುತ್ತದೆ: ಹಳೆಯ ವೇಗದ ಒಂದು ಅವಧಿ, ಹೊಸ ವೇಗದ ಒಂದು ಅವಧಿ, ಎರಡನ್ನೂ ಕೂಡಿಸಿ ಮೇಲೆ ಶೇಕಡಾ 10. ಎರಡೂ 128 ಆಗಿದ್ದರೆ ಸುಮಾರು 17 ಮಿಲಿಸೆಕೆಂಡ್ ಆಯಿತು. ಇದು ಮೊದಲ ದಿನವೇ ಹೀಗಿರಲಿಲ್ಲ, ಆಮೇಲೆ ಬಂದ ತಿದ್ದುಪಡಿಗಳಿಂದ ಈ ರೂಪಕ್ಕೆ ಬಂತು. ಕೋಡಿನಲ್ಲಿ ಕಾಯುವ ಸಾಲು ಕಂಡರೆ ಆ ಸಂಖ್ಯೆ ಎಲ್ಲಿಂದ ಬಂತು, ಡೇಟಾಶೀಟ್‌ನ ಯಾವ ಟೇಬಲ್, ಅಲ್ಲಿರುವುದು ಸಾಮಾನ್ಯ ಮೌಲ್ಯವೋ ಗರಿಷ್ಠ ಮೌಲ್ಯವೋ ಅಂತ ಕೇಳಿ. ಸಾಮಾನ್ಯ ಮೌಲ್ಯ ತೆಗೆದುಕೊಂಡಿದ್ದರೆ ತಂಪು ಕೋಣೆಯಲ್ಲಿ ಸರಿ ಬಂದದ್ದು ಬಿಸಿಯಲ್ಲಿ ತಪ್ಪಬಹುದು. ಮಿಲಿಸೆಕೆಂಡ್‌ಗಟ್ಟಲೆ ಕಾಯುವಾಗ ಸಿಪಿಯುವನ್ನು ಸುತ್ತಿಸುತ್ತಾ ಕೂರದೆ ನಿದ್ದೆ ಮಾಡುವ ಫಂಕ್ಷನ್ ಬಳಸಿದ್ದಾರೆಯೇ ಅನ್ನುವುದನ್ನೂ ಅಲ್ಲೇ ನೋಡಿಬಿಡಿ.

ಕೆಲವು ಚಿಪ್‌ಗಳು ಅಳೆದು ಮುಗಿದ ಮೇಲೆ ಇಂಟರಪ್ಟ್, ಅಂದರೆ ಮುಗಿಯಿತು ಅನ್ನುವ ಸಂಕೇತ, ಕಳಿಸುತ್ತವೆ. ಆಗ ಕಾಯುವುದು ಸುಲಭವಾಗುತ್ತದೆ, ತಪ್ಪುವುದೂ ಸುಲಭವಾಗುತ್ತದೆ. ಆ ಸಂಕೇತಕ್ಕೆ ಕಾಯಲು ಕರ್ನಲ್‌ನಲ್ಲಿ ಕಂಪ್ಲೀಷನ್ ಅನ್ನುವುದಿದೆ. ಟೈಮ್‌ಔಟ್ ಇಟ್ಟು ಕಾಯುವ ಅದರ ಫಂಕ್ಷನ್ ಹೊತ್ತು ಮೀರಿದರೆ ಕೊಡುವ ಉತ್ತರ ಸೊನ್ನೆ, ಮೈನಸ್ ಎರರ್ ಅಲ್ಲ. ಕರ್ನಲ್‌ನ ಬೇರೆ ಕಡೆ ಎಲ್ಲ ಮೈನಸ್ ಇದ್ದರೆ ತಪ್ಪು ಅಂತ ಅಭ್ಯಾಸವಾಗಿರುತ್ತದೆ, ಇಲ್ಲೂ ಅದೇ ರೀತಿ ಬರೆದುಬಿಡುತ್ತಾರೆ. ಆಗ ಇಂಟರಪ್ಟ್ ಬರದೇ ಹೋದರೂ ಡ್ರೈವರ್ ಸಂತೋಷವಾಗಿ ಮುಂದೆ ಹೋಗಿ ಹಳೆಯ ಉತ್ತರವನ್ನು ಕೊಡುತ್ತದೆ. ಇನ್ನೊಂದು, ಅಳತೆ ಶುರು ಮಾಡಿಸುವ ಮುಂಚೆಯೇ ಕಂಪ್ಲೀಷನ್ ಅನ್ನು ಹೊಸದಾಗಿಸಬೇಕು. ಹಾಗೆ ಮಾಡದಿದ್ದರೆ, ಹಿಂದಿನ ಸಲ ಟೈಮ್‌ಔಟ್ ಆದಮೇಲೆ ತಡವಾಗಿ ಬಂದ ಇಂಟರಪ್ಟ್ ಈ ಸಲದ್ದು ಅಂತ ಲೆಕ್ಕವಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಓದೂ ಒಂದು ಹೆಜ್ಜೆ ಹಿಂದೆ. ಶುರು ಮಾಡಿಸಿದ ಮೇಲೆ ಹೊಸದಾಗಿಸಿದರೂ ತಪ್ಪೇ, ವೇಗದ ಚಿಪ್ ಅಷ್ಟರಲ್ಲಿ ಇಂಟರಪ್ಟ್ ಕಳಿಸಿ ಮುಗಿಸಿರುತ್ತದೆ, ಅದನ್ನು ನಾವೇ ಅಳಿಸಿಹಾಕಿದಂತಾಗುತ್ತದೆ.

ಲಾಕ್, ಅಂದರೆ ಒಬ್ಬರ ಕೆಲಸ ಮುಗಿಯುವ ತನಕ ಇನ್ನೊಬ್ಬರನ್ನು ತಡೆಯುವ ಬೀಗ, ಅದರ ಬಗ್ಗೆ ಇಲ್ಲೇ ಹೇಳುವುದು ಸರಿ. ಎರಡು ಪ್ರೋಗ್ರಾಂಗಳು ಒಂದೇ ಹೊತ್ತಿನಲ್ಲಿ ಓದುತ್ತಿವೆ, ಒಂದು 0ನೇ ಚಾನೆಲ್, ಇನ್ನೊಂದು 3ನೆಯದು. ಮೊದಲನೆಯದು ಸ್ವಿಚ್ ತಿರುಗಿಸಿ ಕಾಯುತ್ತಿರುವಾಗ ಎರಡನೆಯದು ಸ್ವಿಚ್ಚನ್ನು ಬೇರೆ ಕಡೆ ತಿರುಗಿಸಿದರೆ, 0ಯ ಹೆಸರಿನಲ್ಲಿ 3ರ ಉತ್ತರ ಹೋಗುತ್ತದೆ. ಹೀಗೆ ಕೇಳಿದಾಗ, ನಾವು ರೆಗ್‌ಮ್ಯಾಪ್ (ಚಿಪ್‌ನ ರಿಜಿಸ್ಟರ್ ಅನ್ನುವ ಪುಟ್ಟ ಸಂಗ್ರಹ ಜಾಗಗಳನ್ನು ಓದಿ ಬರೆಯುವ ಕರ್ನಲ್ ಸೌಲಭ್ಯ) ಬಳಸಿದ್ದೇವೆ, ಅದರೊಳಗೇ ಲಾಕ್ ಇದೆಯಲ್ಲ ಅನ್ನುವ ಉತ್ತರ ಬರುತ್ತದೆ. ಇದೆ ನಿಜ. ಆದರೆ ಅದು ಒಂದೊಂದು ರಿಜಿಸ್ಟರ್ ವ್ಯವಹಾರವನ್ನು ಕಾಯುತ್ತದೆ. ತಿರುಗಿಸು, ಕಾಯು, ಓದು ಅನ್ನುವ ಮೂರನ್ನೂ ಒಟ್ಟಿಗೆ ಕಾಯುವುದು ಡ್ರೈವರ್‌ನ ಕೆಲಸ, ಅದಕ್ಕೆ ಅದರದ್ದೇ ಲಾಕ್, ಅಂದರೆ ಮ್ಯೂಟೆಕ್ಸ್, ಬೇಕು. ಆ ಮ್ಯೂಟೆಕ್ಸ್ ಯಾವುದನ್ನು ಕಾಯುತ್ತದೆ ಅಂತ ಅದರ ಪಕ್ಕದಲ್ಲೇ ಒಂದು ಸಾಲು ಕಾಮೆಂಟ್ ಇರಲಿ ಅಂತಲೂ ನಾನು ಕೇಳುತ್ತೇನೆ. ಆ ಸಾಲನ್ನು ಬರೆಯಲು ಕೂತಾಗಲೇ ಎಷ್ಟೋ ಸಲ ಬರೆದವರಿಗೆ ತಪ್ಪು ಹೊಳೆಯುತ್ತದೆ. ನಡುವೆ ಎರರ್ ಬಂದು ಹೊರಗೆ ಹೋಗುವ ದಾರಿಗಳಲ್ಲಿ ಲಾಕ್ ಬಿಡುವುದನ್ನು ಮರೆಯುವುದು ಹಳೆಯ ಕಾಯಿಲೆ. 2023ರಲ್ಲಿ 6.5ನೇ ಕರ್ನಲ್‌ಗೆ ಬಂದ ಗಾರ್ಡ್ ಅನ್ನುವ ಅನುಕೂಲ ಅದಕ್ಕೆ ಒಳ್ಳೆಯ ಮದ್ದು. ಫಂಕ್ಷನ್ ಎಲ್ಲಿ ಮುಗಿದರೂ ಲಾಕ್ ತಾನಾಗಿ ಬಿಡುತ್ತದೆ.

ಬಫರ್‌ನ ದಾರಿ ಬೇರೆ

ಇಷ್ಟು ಹೊತ್ತು ಹೇಳಿದ್ದು ಒಂದೊಂದೇ ಸಂಖ್ಯೆ ಓದುವ ದಾರಿ. ವೇಗವಾಗಿ ಸಾವಿರಾರು ಅಳತೆ ಬೇಕಾದವರಿಗೆ ಅಳತೆಗಳನ್ನು ಒಟ್ಟಿಗೆ ಕೂಡಿಡುವ ಬಫರ್ ಇದೆ. ಅಲ್ಲಿ ಡ್ರೈವರ್ ಲೆಕ್ಕ ಮಾಡುವುದಿಲ್ಲ, ಚಿಪ್ ಕೊಟ್ಟ ಬೈಟ್‌ಗಳನ್ನು ಹಾಗೇ ತಳ್ಳಿ, ಅವು ಹೇಗಿವೆ ಅಂತ ಒಂದು ವಿವರಣೆ ಮಾತ್ರ ಕೊಡುತ್ತದೆ: ಮೈನಸ್ ಇರುತ್ತದೆಯೇ, ನಿಜವಾದ ಬಿಟ್ ಎಷ್ಟು, ಇಟ್ಟಿರುವ ಜಾಗ ಎಷ್ಟು ಬಿಟ್, ಎಷ್ಟು ಸರಿಸಬೇಕು, ದೊಡ್ಡ ಬೈಟ್ ಮೊದಲೋ ಚಿಕ್ಕ ಬೈಟ್ ಮೊದಲೋ. ಹಾಗಾಗಿ ಒಂದೊಂದೇ ಓದುವಾಗ ಎಲ್ಲ ಸರಿಯಿದ್ದು ಬಫರ್‌ನಲ್ಲಿ ತಪ್ಪಿರುವುದು ಸಾಧ್ಯ. 12 ಬಿಟ್‌ನ ಉತ್ತರವನ್ನು 16 ಬಿಟ್‌ನ ಜಾಗದಲ್ಲಿ ಎಡಕ್ಕೆ ಒತ್ತಿ ಇಡುವ ಚಿಪ್ ಇದ್ದು, 4 ಸರಿಸು ಅಂತ ಹೇಳುವುದು ಮರೆತರೆ ಬಫರ್ ಓದಿದವರಿಗೆ ಎಲ್ಲವೂ 16 ಪಟ್ಟು. ಎರಡೂ ದಾರಿಯ ಉತ್ತರ ಒಂದೇ ಬರುತ್ತದೆಯೇ ಅಂತ ಪರೀಕ್ಷಿಸಿದ್ದೀರಾ ಅನ್ನುವ ಒಂದು ಪ್ರಶ್ನೆ ಇಲ್ಲಿ ಬಹಳ ಕೆಲಸ ಮಾಡುತ್ತದೆ.

ಬಫರ್‌ನಲ್ಲಿ ಇನ್ನೊಂದು ದೊಡ್ಡ ವಿಷಯ ಇದೆ, ಇದು ಸುರಕ್ಷತೆಯದ್ದು. ಮೂರು ಚಾನೆಲ್, ತಲಾ 2 ಬೈಟ್, ಒಟ್ಟು 6. ಕೊನೆಗೆ 8 ಬೈಟ್‌ನ ಸಮಯದ ಗುರುತು ಬರಬೇಕು, ಅದು 8ರ ಗಡಿಯಲ್ಲೇ ಕೂರಬೇಕು. ಹಾಗಾಗಿ ನಡುವೆ 2 ಬೈಟ್ ಖಾಲಿ ಉಳಿಯುತ್ತದೆ. ಖಾಲಿ ಅನ್ನುತ್ತೇವೆ, ಆದರೆ ಮೆಮೊರಿಯಲ್ಲಿ ಖಾಲಿ ಅನ್ನುವುದು ಇಲ್ಲವಲ್ಲ. ಆ ಬಫರ್ ಸ್ಟ್ಯಾಕ್ (ಫಂಕ್ಷನ್‌ಗಳು ಮತ್ತೆ ಮತ್ತೆ ಬಳಸುವ ತಾತ್ಕಾಲಿಕ ಮೆಮೊರಿ) ಮೇಲಿದ್ದು ಮೊದಲು ಸೊನ್ನೆ ಮಾಡದೇ ಇದ್ದರೆ, ಆ 2 ಬೈಟ್‌ನಲ್ಲಿ ಕರ್ನಲ್ ಸ್ವಲ್ಪ ಹೊತ್ತಿನ ಮುಂಚೆ ಇಟ್ಟಿದ್ದು ಏನೋ ಇರುತ್ತದೆ. ಅದು ಪ್ರತಿ ಅಳತೆಯ ಜೊತೆಗೂ ಹೊರಗೆ ಸೋರುತ್ತದೆ. 2024ರ ಕೊನೆಯಲ್ಲಿ ಐಐಒನ ಹಲವು ಡ್ರೈವರ್‌ಗಳಲ್ಲಿ ಇದೇ ತಪ್ಪನ್ನು ಒಟ್ಟಿಗೆ ತಿದ್ದಿದರು. ಅವೆಲ್ಲ ರಿವ್ಯೂ ದಾಟಿ ಬಂದಿದ್ದ ಡ್ರೈವರ್‌ಗಳೇ. ಅದಕ್ಕೇ ಬಫರ್ ಕಂಡಾಗ ನಾನು ಬೈಟ್‌ಗಳ ಚಿತ್ರ ಬರೆಯುತ್ತೇನೆ, ಚೌಕ ಚೌಕವಾಗಿ, ಎಲ್ಲ ಚಾನೆಲ್ ಇದ್ದರೆ ಹೇಗೆ, ಒಂದೇ ಇದ್ದರೆ ಹೇಗೆ ಅಂತ. ಆ ಗಡಿಯನ್ನು ಕೋಡಿನಲ್ಲಿ ಬಾಯಿಬಿಟ್ಟು ಹೇಳಿರಬೇಕು ಅನ್ನುವುದೂ ಮುಖ್ಯ, ಯಾಕೆಂದರೆ 32 ಬಿಟ್‌ನ ಎಕ್ಸ್86ನಲ್ಲಿ 8 ಬೈಟ್‌ನ ಸಂಖ್ಯೆ ಸ್ಟ್ರಕ್ಟ್ (ಹಲವು ಫೀಲ್ಡ್‌ಗಳನ್ನು ಒಟ್ಟಿಗಿಡುವ ಕಟ್ಟು) ಒಳಗೆ 4ರ ಗಡಿಯಲ್ಲೇ ಕೂತುಬಿಡುತ್ತದೆ.

ಎಸ್‌ಪಿಐ ಅನ್ನುವ ತಂತಿಗಳ ಮೂಲಕ ಮಾತಾಡುವ ಚಿಪ್ ಆದರೆ ಆ ಬಫರ್ ಡಿಎಂಎಗೆ, ಅಂದರೆ ಸಿಪಿಯು ನಡುವೆ ಬರದೆ ಮೆಮೊರಿಗೆ ಬೈಟ್ ಸಾಗಿಸುವುದಕ್ಕೆ, ತಕ್ಕದ್ದಾಗಿರಬೇಕು. ಸ್ಟ್ಯಾಕ್‌ನ ಮೇಲಿನ ವೇರಿಯಬಲ್ ನಡೆಯುವುದಿಲ್ಲ. ಸ್ಟ್ರಕ್ಟ್‌ನಲ್ಲಿಟ್ಟರೂ ಬೇರೆ ಫೀಲ್ಡ್‌ಗಳ ಜೊತೆ ಒಂದೇ ಕ್ಯಾಶ್ ಲೈನ್ (ಪ್ರೊಸೆಸರ್ ಒಟ್ಟಿಗೆ ತರುವ ಮೆಮೊರಿಯ ತುಂಡು) ಹಂಚಿಕೊಳ್ಳಬಾರದು, ಹಂಚಿಕೊಂಡರೆ ಕೆಲವು ಪ್ರೊಸೆಸರ್‌ಗಳಲ್ಲಿ ಪಕ್ಕದ ಫೀಲ್ಡ್‌ನ ಮೌಲ್ಯ ಅಳಿಸಿಹೋಗಬಹುದು. ಇದಕ್ಕೆಂದೇ ಐಐಒನಲ್ಲಿ ಒಂದು ಅಲೈನ್‌ಮೆಂಟ್ ಗುರುತು ಇದೆ, ಅದನ್ನು ಹಾಕಿ ಬಫರನ್ನು ಸ್ಟ್ರಕ್ಟ್‌ನ ಕೊನೆಗೆ ಇಡುವುದು ರೂಢಿ.

ಎದ್ದೇಳುವುದು, ಮಲಗುವುದು

ಡ್ರೈವರ್ ಶುರುವಾಗುವಾಗ ಓಡುವ ಪ್ರೋಬ್ ಫಂಕ್ಷನ್ ನೋಡುವಾಗ ನನ್ನ ಕಣ್ಣು ಹೋಗುವುದು ಕ್ರಮದ ಕಡೆ. ಡೆವ್‌ಎಂ ಅನ್ನುವ ಫಂಕ್ಷನ್‌ಗಳನ್ನು ಬಳಸಿದರೆ ತೆಗೆದುಕೊಂಡದ್ದನ್ನೆಲ್ಲ ಕರ್ನಲ್ ಉಲ್ಟಾ ಕ್ರಮದಲ್ಲಿ ತಾನೇ ಬಿಡುತ್ತದೆ. ಅರ್ಧ ಅದು, ಅರ್ಧ ಕೈಯಿಂದ ಅಂತ ಬೆರೆಸಿದಾಗ ತೊಂದರೆ. ಬಳಸುವವರಿಗೆ ಕಾಣುವ ಬಾಗಿಲನ್ನು ಡೆವ್‌ಎಂ ಮೂಲಕ ತೆರೆದು, ರೆಗ್ಯುಲೇಟರನ್ನು, ಡ್ರೈವರ್ ತೆಗೆಯುವಾಗ ಓಡುವ ರಿಮೂವ್ ಫಂಕ್ಷನ್‌ನಲ್ಲಿ ಕೈಯಿಂದ ಆರಿಸಿದ್ದಾರೆ ಅಂದುಕೊಳ್ಳಿ. ರಿಮೂವ್ ಮೊದಲು ಓಡುತ್ತದೆ, ಡೆವ್‌ಎಂ ಆಮೇಲೆ. ಅಂದರೆ ಸ್ವಲ್ಪ ಹೊತ್ತು ಚಿಪ್‌ಗೆ ಪವರ್ ಇಲ್ಲ, ಬಾಗಿಲು ಮಾತ್ರ ತೆರೆದೇ ಇದೆ. ಆಗ ಯಾರಾದರೂ ಓದಿದರೆ ಬರುವುದು ಎಲ್ಲ ಸೊನ್ನೆಯೋ ಎಲ್ಲ ಒಂದೋ ಇರುವ ಸಂಖ್ಯೆ.

ಚಿಪ್‌ನ ಗುರುತಿನ ರಿಜಿಸ್ಟರ್ ಹೊಂದದಿದ್ದರೆ ಡ್ರೈವರ್ ಏಳುವುದಿಲ್ಲ ಅಂತ ಬರೆದಿದ್ದರೆ, ಅದನ್ನು ಬಿಟ್ಟು ಬರೀ ಲಾಗ್‌ನಲ್ಲಿ ಹೇಳಿ ಮುಂದೆ ಹೋಗಿ ಅಂತ ಕೇಳಿ. ನಾಳೆ ಅದೇ ರೀತಿ ಕೆಲಸ ಮಾಡುವ ಹೊಸ ಚಿಪ್ ಬಂದರೆ ಹಳೆಯ ಕರ್ನಲ್‌ನಲ್ಲೂ ಅದು ನಡೆಯಬೇಕು.

ಬೋರ್ಡಿನ ಭಾಗಗಳನ್ನು ಕರ್ನಲ್‌ಗೆ ಹೇಳುವ ವಿವರಣೆಗೆ ಡಿವೈಸ್ ಟ್ರೀ ಅನ್ನುತ್ತಾರೆ. ಅದರ ನಿಯಮಗಳಾದ ಬೈಂಡಿಂಗ್‌ನಲ್ಲಿ ನೋಡಬೇಕಾದದ್ದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಅದು ಬೋರ್ಡಿನಲ್ಲಿ ಇರುವುದನ್ನು ಹೇಳಬೇಕು, ಡ್ರೈವರ್ ಏನು ಮಾಡಬೇಕು ಅನ್ನುವುದನ್ನಲ್ಲ. ರೆಫರೆನ್ಸ್ ಎಲ್ಲಿಂದ ಬರುತ್ತದೆ, ಇಂಟರಪ್ಟ್ ಯಾವ ಕಾಲಿಗೆ ಕಟ್ಟಿದೆ ಅನ್ನುವುದು ಅಲ್ಲಿರಲಿ. ಇವತ್ತು ಎಷ್ಟು ವೇಗದಲ್ಲಿ ಅಳೆಯಬೇಕು ಅನ್ನುವುದು ಅಲ್ಲಿಗೆ ಸೇರಿದ್ದಲ್ಲ. ಚಿಪ್‌ನ ಹೆಸರಿನಲ್ಲಿ ಅಂಕಿಯ ಬದಲು ಎಕ್ಸ್ ಹಾಕಿ ಇಡೀ ಕುಟುಂಬಕ್ಕೆ ಒಂದೇ ಹೆಸರು ಇಟ್ಟಿದ್ದರೆ ಬೇಡ ಅನ್ನಿ.

ಹೇಗೆ ಹೇಳಬೇಕು

ಇಷ್ಟೆಲ್ಲ ಯಾಕೆ ಮೊದಲೇ ಹಿಡಿಯಬೇಕು ಅಂದರೆ, ಸಿಸ್‌ಎಫ್‌ಎಸ್‌ನ ಈ ಫೈಲ್‌ಗಳು ಬಳಸುವವರ ಜೊತೆ ಮಾಡಿಕೊಂಡ ಕರಾರು. ತಪ್ಪು ಸ್ಕೇಲ್ ಇರುವ ಡ್ರೈವರ್ ಒಮ್ಮೆ ಹೊರಗೆ ಹೋಯಿತು ಅಂದರೆ, ಬಳಸುವವರು ತಮ್ಮ ಪ್ರೋಗ್ರಾಂನಲ್ಲಿ ಎರಡರಿಂದ ಗುಣಿಸು ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ. ಆಮೇಲೆ ನಾವು ಸರಿ ಮಾಡಿದರೆ ಅವರದ್ದು ಕೆಡುತ್ತದೆ. ಹೊಸ ಹೊಸ ಹೆಸರಿನ ಫೈಲ್‌ಗಳನ್ನು ಡ್ರೈವರ್ ತಾನೇ ಹುಟ್ಟಿಸಿದ್ದರೂ ಇದೇ ಕಾರಣಕ್ಕೆ ನಿಲ್ಲಿಸಿ ಕೇಳಬೇಕು, ಈಗಿರುವ ಹೆಸರುಗಳಲ್ಲಿ ಇದಕ್ಕೆ ಹೊಂದುವುದು ಯಾವುದೂ ಇಲ್ಲವೇ ಅಂತ.

ಸಾಲಿನ ಉದ್ದ, ಖಾಲಿ ಜಾಗ ಇವನ್ನೆಲ್ಲ ಚೆಕ್‌ಪ್ಯಾಚ್ ಅನ್ನುವ ಪ್ರೋಗ್ರಾಂ ನೋಡಿಕೊಳ್ಳುತ್ತದೆ, ಬೈಟ್ ಕ್ರಮದ ಟೈಪ್‌ಗಳನ್ನು ಸರಿಯಾಗಿ ಹಾಕಿದ್ದರೆ ಸ್ಪಾರ್ಸ್ ಅನ್ನುವ ಇನ್ನೊಂದು ಪ್ರೋಗ್ರಾಂ ಅಲ್ಲಿನ ತಪ್ಪನ್ನೂ ಹಿಡಿಯುತ್ತದೆ. ಮನುಷ್ಯರ ಹೊತ್ತನ್ನು ಅದಕ್ಕೆ ಖರ್ಚು ಮಾಡಬೇಡಿ. 1500 ಸಾಲಿನ ಡ್ರೈವರ್ ಒಂದೇ ಪ್ಯಾಚ್‌ನಲ್ಲಿ ಬಂದರೆ ಒಡೆದು ಕಳಿಸಿ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಮೊದಲು ಬರೀ ಓದುವುದು, ಆಮೇಲೆ ಬಫರ್, ಆಮೇಲೆ ಉಳಿದದ್ದು.

ಬರೆಯುವಾಗ ಆಯಾ ಸಾಲಿನ ಕೆಳಗೇ ಬರೆಯಿರಿ, ಕಾರಣ ಹೇಳಿ, ಡೇಟಾಶೀಟ್‌ನ ಪುಟ ಹೇಳಿ. ಇದು ತಪ್ಪು ಅನ್ನುವುದಕ್ಕಿಂತ, ರೆಫರೆನ್ಸ್ 2.5 ವೋಲ್ಟ್ ಆದರೆ ಈ ಗುಣಾಕಾರದಲ್ಲಿ 250 ಕೋಟಿ ಬರುತ್ತದೆ, ಹಿಡಿಯುತ್ತದೆಯೇ ಅಂತ ಕೇಳಿದರೆ ಎದುರಿನವರಿಗೆ ಕೂಡಲೇ ಅರ್ಥವಾಗುತ್ತದೆ, ಮನಸ್ಸಿಗೂ ನೋವಾಗುವುದಿಲ್ಲ. ಬದಲಿಸಲೇಬೇಕಾದದ್ದು ಯಾವುದು, ನಿಮಗೆ ಹೀಗಿದ್ದರೆ ಚೆಂದ ಅನ್ನಿಸಿದ್ದು ಯಾವುದು ಅಂತ ಬೇರೆ ಮಾಡಿ ಹೇಳಿ. ಮೊದಲ ಸಲ ಡ್ರೈವರ್ ಕಳಿಸುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ, ಎಲ್ಲವನ್ನೂ ಆಜ್ಞೆ ಅಂತಲೇ ತಿಳಿಯುತ್ತಾರೆ.

ಚಿಪ್ ನಿಮ್ಮ ಹತ್ತಿರ ಇಲ್ಲದಿದ್ದರೂ ರಿವ್ಯೂ ಮಾಡಬಹುದು. ನೋಡಿದ್ದೇನೆ ಅನ್ನುವ ಗುರುತು ಬೇರೆ, ಪರೀಕ್ಷಿಸಿದ್ದೇನೆ ಅನ್ನುವ ಗುರುತು ಬೇರೆ. ಬಫರ್ ಭಾಗ ನಿಮಗೆ ಅರ್ಥವಾಗದಿದ್ದರೆ ಅಷ್ಟನ್ನು ನೋಡಿಲ್ಲ ಅಂತ ಬರೆದುಬಿಡಿ, ಅದನ್ನು ಓದಿ ಬೇರೆ ಯಾರಾದರೂ ಆ ಭಾಗ ನೋಡುತ್ತಾರೆ. ಎರಡನೇ ಆವೃತ್ತಿ ಬಂದಾಗ ಮತ್ತೆ ಮೊದಲಿಂದ ಓದುವ ಮುಂಚೆ ಎರಡು ಆವೃತ್ತಿಗಳ ನಡುವೆ ಏನು ಬದಲಾಗಿದೆ ಅಂತ ಹೋಲಿಸಿ ನೋಡಿ. ನೀವು ಹೇಳಿದ್ದರಲ್ಲಿ ಯಾವುದಕ್ಕೆ ಉತ್ತರವೂ ಇಲ್ಲ, ಬದಲಾವಣೆಯೂ ಇಲ್ಲ ಅನ್ನುವುದನ್ನು ಗುರುತಿಸಿಕೊಂಡು, ಅಲ್ಲಿಂದ ಮಾತು ಮುಂದುವರಿಸಿ.